ಏಳು ನಿಮಿಷದ ಕೆಲಸ

ಅಪಘಾತವಾದ ಅಣು ವಿದ್ಯುತ್ ಸ್ಥಾವರ ಮುಚ್ಚುವ ಕೆಲಸ ಮಾಡಿದ್ದೇನೆ ಅಂದರೆ ಜನ ಮೊದಲು ಕೇಳುವುದು ಒಂದೇ: 'ಮುಚ್ಚೋದಕ್ಕೆ ಅಷ್ಟು ವರ್ಷ ಯಾಕೆ? ಬೀಗ ಹಾಕಿ ಬಂದರೆ ಆಗಲ್ವಾ?'

ಆಗಲ್ಲ. ರಿಯಾಕ್ಟರ್ ನಿಂತ ಮೇಲೂ ಇಂಧನದಿಂದ ಬಿಸಿ ಬರುತ್ತಲೇ ಇರುತ್ತದೆ. ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಬಹಳ ಕಾಲ ನೀರು ಸುತ್ತುತ್ತಿರಬೇಕು. ಕರಗಿದ ಇಂಧನ ಮುಟ್ಟಿ ಬಂದ ನೀರಿನಲ್ಲಿ ಸೀಸಿಯಂ, ಸ್ಟ್ರಾಂಷಿಯಂನಂಥ ವಿಕಿರಣ ಸೂಸುವ ವಸ್ತುಗಳೆಲ್ಲಾ ಇರುತ್ತವೆ. ಅದನ್ನು ಸೋಸುವ ಪೈಪು, ವಾಲ್ವುಗಳೂ ಹಳತಾಗುತ್ತವೆ, ತೊಟ್ಟಿಕ್ಕುತ್ತವೆ. ನನ್ನ ಪಾಲಿಗೆ ಬಂದದ್ದು ಅಂಥ ಒಂದು ವಾಲ್ವು. ನೆಲಮಾಳಿಗೆಯ ಒಂದು ಮೂಲೆಯಲ್ಲಿತ್ತು. ಮೇಲ್ಮುಚ್ಚಳ ಬಿಚ್ಚಿ, ಸೋರದಂತೆ ನಡುವೆ ಕೂರಿಸುವ ಗ್ಯಾಸ್ಕೆಟ್ ಹಾಳಾಗಿತ್ತು, ಅದನ್ನು ತೆಗೆದು ಹೊಸದು ಕೂರಿಸಬೇಕು. ನಾಲ್ಕು ಬೋಲ್ಟು, ಅಷ್ಟೇ.

ವಾಲ್ವಿನ ಹತ್ತಿರ ವಿಕಿರಣ ಗಂಟೆಗೆ 6 ಮಿಲಿಸೀವರ್ಟ್ ಇತ್ತು. ಮೈಗೆ ಬೀಳುವ ವಿಕಿರಣವನ್ನು, ಅಂದರೆ ಡೋಸನ್ನು, ಅಳೆಯುವ ಮಾನ ಅದು. ನಮ್ಮಂಥವರಿಗೆ ಸಾಮಾನ್ಯ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20. ಅಂದರೆ ಆ ಮೂಲೆಯಲ್ಲಿ ಮೂರು ಗಂಟೆ ಚಿಲ್ಲರೆ ನಿಂತರೆ ವರ್ಷದ ಲೆಕ್ಕ ಮುಗಿಯಿತು. ಕಾರಣ ವಾಲ್ವಲ್ಲ, ಪಕ್ಕದ ಪೈಪಿನ ಮೊಣಕೈ. ಪೈಪು ತಿರುಗುವ ಕಡೆ, ತಗ್ಗಿನಲ್ಲಿ, ಕೊಳೆ ತಂಗುತ್ತದೆ. ವಿಕಿರಣವೂ ಅಲ್ಲೇ ಜಾಸ್ತಿ.

ಮೊದಲ ಜಗಳ ಸೀಸದ ಹೊದಿಕೆಯದು. ಮೊಣಕೈಗೆ ಹೊದಿಕೆ ತೂಗಿಹಾಕಿದರೆ 6 ಇದ್ದದ್ದು 2ಕ್ಕೆ ಇಳಿಯುತ್ತದೆ. ಆದರೆ ಹಾಕುವವರಿಗೂ ಡೋಸ್ ಬೀಳುತ್ತಲ್ವಾ? ಇಬ್ಬರು ಮೂರು ಮೂರು ನಿಮಿಷ ನಿಂತರೆ ಒಟ್ಟು 0.6. ಹೊದಿಕೆ ಇಲ್ಲದೆ ನಾವಿಬ್ಬರು ಏಳು ನಿಮಿಷ ಕೆಲಸ ಮಾಡಿದರೆ 1.4, ಹೊದಿಕೆ ಇದ್ದರೆ 0.5ಕ್ಕೂ ಕಡಿಮೆ. ಉಳಿಯುವುದು 0.9, ಖರ್ಚು 0.6. ಲಾಭ ಇದೆ ಅಂತ ಹಾಕಿಸಿದೆವು. ಏಳು ನಿಮಿಷದ ಬದಲು ಮೂರೇ ನಿಮಿಷದ ಕೆಲಸ ಆಗಿದ್ದರೆ ಹೊದಿಕೆ ಹಾಕಿಸುವುದೇ ನಷ್ಟ.

ಏಳು ನಿಮಿಷವೂ ಸುಮ್ನೆ ಬಂದದ್ದಲ್ಲ. ಹೊರಗಿನ ಶೆಡ್ಡಿನಲ್ಲಿ ಆ ಮೂಲೆಯನ್ನೇ ಪ್ಲೈವುಡ್ಡಿನಲ್ಲಿ ಕಟ್ಟಿ, ಅಂಥದೇ ವಾಲ್ವು ಇಟ್ಟು, ಮೈತುಂಬ ಕವರಾಲ್, ಮುಖಕ್ಕೆ ಮಾಸ್ಕ್, ಕೈಗೆ ಎರಡು ಜೊತೆ ಗ್ಲೌಸ್ ಹಾಕಿಕೊಂಡು ಅಭ್ಯಾಸ ಮಾಡಿದೆವು. ಮೊದಲ ಸಲ 26 ನಿಮಿಷ ಹಿಡಿಯಿತು. ದಪ್ಪ ಗ್ಲೌಸಿನಲ್ಲಿ ವಾಷರ್ ಹಿಡಿಯಲು ಹೋಗಿ ನಾಲ್ಕು ಸಲ ಬೀಳಿಸಿದೆ. ಆಮೇಲೆ ವಾಷರನ್ನು ಬೋಲ್ಟಿಗೇ ಒಂದು ತೊಟ್ಟು ಗ್ರೀಸಿನಲ್ಲಿ ಅಂಟಿಸಿಕೊಂಡು ಹೋಗುವ ಉಪಾಯ ಹೊಳೆಯಿತು. ಮೂರು ವಾರದಲ್ಲಿ ಕಣ್ಣು ಮುಚ್ಚಿದರೂ ಕೈ ಓಡುವಷ್ಟಾಯಿತು.

ಒಳಗೆ ಹೋದೆವು. ಸ್ಪ್ಯಾನರ್ ಕೂರಲಿಲ್ಲ. ಡ್ರಾಯಿಂಗಿನಲ್ಲಿ ಇದ್ದದ್ದು 24 ಮಿಲಿಮೀಟರಿನ ನಟ್, ಅಲ್ಲಿದ್ದದ್ದು 27ರದು. ಯಾವುದೋ ಕಾಲದಲ್ಲಿ ಯಾರೋ ಬದಲಿಸಿದ್ದಾರೆ, ಕಾಗದದಲ್ಲಿ ಬರೆದಿಲ್ಲ. ನಾಲ್ಕು ನಿಮಿಷ ದಂಡ. ಬರಿಗೈಯಲ್ಲಿ ಮೆಟ್ಟಿಲು ಹತ್ತಿದೆವು. ನನಗೆ ಬೇರೆ ಯಾರ ಮೇಲೂ ಅಲ್ಲ, ನನ್ನ ಮೇಲೇ ಸಿಟ್ಟು. ಹೊದಿಕೆ ಹಾಕುವವರ ಕೈಗೆ ಒಂದು ಕ್ಯಾಮೆರಾ ಕೊಟ್ಟಿದ್ದರೆ ಸಾಕಿತ್ತು.

ಒಳಗೇನಿದೆ ಅಂತ ಮೊದಲು ನೋಡಿಕೊಳ್ಳಬೇಕು ಅನ್ನುವ ಈ ಪಾಠವನ್ನು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದವರು ಇನ್ನೂ ದೊಡ್ಡದಾಗಿ ಕಲಿತಿದ್ದರು. ಅಲ್ಲಿ ಅಪಘಾತ ಆದದ್ದು 1979ರ ಮಾರ್ಚ್‌ನಲ್ಲಿ. ರಿಯಾಕ್ಟರಿನೊಳಗೆ ಕ್ಯಾಮೆರಾ ಇಳಿಸಿದ್ದು 1982ರ ಜುಲೈನಲ್ಲಿ. ಇಂಧನ ಸಾಲಾಗಿ ನಿಂತಿರಬೇಕಾದ ಕಡೆ ಮೇಲ್ಗಡೆ ಸುಮಾರು ಒಂದೂವರೆ ಮೀಟರ್ ಬರೀ ಖಾಲಿ, ಕೆಳಗೆ ಚೂರುಗಳ ರಾಶಿ. ಇಂಧನ ಅರ್ಧದಷ್ಟು ಕರಗಿತ್ತು ಅನ್ನುವುದು ಆಮೇಲೆ ತಿಳಿಯಿತು. ಉದ್ದ ಹಿಡಿಕೆಯ ಸಲಕರಣೆಗಳಿಂದ ಅದನ್ನು ಎತ್ತುವ ಕೆಲಸ 1985ರಿಂದ 1990ರವರೆಗೆ ನಡೆಯಿತು. ನಡುವೆ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಏನೂ ಕಾಣದಷ್ಟು ಮಬ್ಬಾಗಿ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕೊಲ್ಲಬೇಕಾಯಿತು. ಅಂಥ ನೀರಿನಲ್ಲೂ ಜೀವ! 2011ರಲ್ಲಿ ಅಪಘಾತವಾದ ಜಪಾನಿನ ಫುಕುಶಿಮಾ ಸ್ಥಾವರದಲ್ಲಂತೂ ಕರಗಿದ ಇಂಧನದ ಮೊದಲ ಚೂರು ಹೊರಬಂದದ್ದು 2024ರಲ್ಲಿ, ಅಂದರೆ 13 ವರ್ಷದ ಮೇಲೆ. ತೂಕ ಒಂದು ಗ್ರಾಮೂ ಇಲ್ಲ. ಒಳಗಿರುವುದು ಸುಮಾರು 880 ಟನ್ ಅಂತ ಅಂದಾಜು.

ಮತ್ತೆ ಹೋದಾಗ 27ರ ಸ್ಪ್ಯಾನರ್ ಇತ್ತು. ಆರು ನಿಮಿಷ ನಲವತ್ತು ಸೆಕೆಂಡಿಗೆ ಮುಗಿಯಿತು. ಮೈಗೆ ಬಿದ್ದ ಡೋಸ್ ಅಳೆಯುವ ಡೋಸಿಮೀಟರ್ 0.23 ತೋರಿಸಿತು.

ಹೊರಬರುವಾಗ ಬಟ್ಟೆ ಬಿಚ್ಚುವುದಕ್ಕೂ ಒಂದು ಕ್ರಮ ಇದೆ. ಮಣಿಕಟ್ಟಿನ ಟೇಪು, ಹೊರಗಿನ ಗ್ಲೌಸು, ಆಮೇಲೆ ಒಳಮೈ ಹೊರಗೆ ಬರುವಂತೆ ಸುರುಳಿ ಸುತ್ತುತ್ತಾ ಕವರಾಲ್. ಎಲ್ಲಾ ಸರಿಯಾಗೇ ಮಾಡಿದೆ. ಆದರೂ ಮೈಗೆ ವಿಕಿರಣದ ಕೊಳೆ ಅಂಟಿದೆಯಾ ಅಂತ ನೋಡುವ ಮಾನಿಟರ್ ಬಲ ಮೊಣಕಾಲಿನ ಹತ್ತಿರ ಬಂದಾಗ ಕಿರುಚಿತು. ಒದ್ದೆ ನೆಲದಲ್ಲಿ ಮಂಡಿಯೂರಿದ್ದೆ, ನೀರು ಬಟ್ಟೆ ದಾಟಿ ಚರ್ಮಕ್ಕೆ ತಾಗಿತ್ತು. ಜೋರಾಗಿ ಉಜ್ಜುವಂತಿಲ್ಲ, ಚರ್ಮ ತರಚಿದರೆ ಒಳಗೆ ಹೋಗುತ್ತದೆ. ಉಗುರುಬೆಚ್ಚಗಿನ ನೀರು, ಸೋಪು, ಒರೆಸು, ಅಳತೆ ನೋಡು, ಮತ್ತೆ ನೀರು. ಆ ನಾಣ್ಯದಗಲ ಚುಕ್ಕೆ ಹೋಗಲು ನಲವತ್ತು ನಿಮಿಷ ಹಿಡಿಯಿತು.