ಕ್ಯಾನ್ಸರ್ ಇದೆ, ಆದರೆ ಆಪರೇಷನ್ ಈಗ ಬೇಡ ಅಂದರೆ: ಬ್ರಿಟನ್ನಿನಲ್ಲಿ ಪ್ರಾಸ್ಟೇಟ್ ನಿಗಾ ಹೇಗೆ ನಡೆಯುತ್ತದೆ

ನಮ್ಮ ಮನೆಯವರಿಗೆ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಅಂತ ಗೊತ್ತಾದ ದಿನ ಶಿವಮೊಗ್ಗದಿಂದ ಮೈದುನ ಫೋನ್ ಮಾಡಿದ. "ಆಪರೇಷನ್ ಯಾವತ್ತು ಅತ್ತಿಗೆ?" ಅಂದ. "ಈಗ ಆಪರೇಷನ್ ಇಲ್ಲಪ್ಪ, ನಿಗಾ ಇಡ್ತಾರಂತೆ" ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ, "ಕ್ಯಾನ್ಸರ್ ಅಂತೀರಿ, ಸುಮ್ನೆ ಇಟ್ಕೊಂಡಿರಿ ಅಂತಾರಾ? ದುಡ್ಡು ಉಳಿಸೋಕೆ ಹೇಳ್ತಿರಬೇಕು. ಅಣ್ಣನ್ನ ಕರ್ಕೊಂಡು ಬಂದುಬಿಡಿ, ಬೆಂಗಳೂರಲ್ಲಿ ತೆಗೆಸೋಣ" ಅಂದ.

ಅವನ ಮೇಲೆ ಸಿಟ್ಟು ಬರಲಿಲ್ಲ. ನನ್ನ ಮನಸ್ಸಿನಲ್ಲೂ ಅದೇ ಅನುಮಾನ ಇತ್ತು. ಇದಾಗಿ ನಾಲ್ಕು ವರ್ಷ ಆಯಿತು. ಇಲ್ಲಿ ಆಸ್ಪತ್ರೆಯಿಂದ ಬಂದ ಇಂಥದೇ ಪತ್ರ ಕೈಯಲ್ಲಿ ಹಿಡಿದು ಕೂತ ಕನ್ನಡದವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಆ ಪತ್ರ ಓದುವುದು ಕಲಿಯಿರಿ. ನಮ್ಮದರಲ್ಲಿ 'ಗ್ಲೀಸನ್ 3+3=6, ಪಿಎಸ್‌ಎ 6.1, ಸಿಪಿಜಿ 1' ಅಂತ ಇತ್ತು. ಗ್ಲೀಸನ್ ಅಂದರೆ ಬಯಾಪ್ಸಿಯಲ್ಲಿ ತೆಗೆದ ಚೂರು ಸೂಕ್ಷ್ಮದರ್ಶಕದ ಕೆಳಗೆ ಹೇಗೆ ಕಂಡಿತು ಅನ್ನುವುದರ ಅಂಕ. 6 ಅಂದಾಗ ನಾನು 10ಕ್ಕೆ 6, ಅರ್ಧಕ್ಕಿಂತ ಜಾಸ್ತಿ ಅಂತ ಹೆದರಿದ್ದೆ. ಹಾಗಲ್ಲ. ಈಗ ಕ್ಯಾನ್ಸರ್ ಅಂತ ಬರೆಯುವ ಅಂಕಗಳಲ್ಲಿ 6 ಅತಿ ಕಡಿಮೆಯದು. ಪಿಎಸ್‌ಎ ಅಂದರೆ ಪ್ರಾಸ್ಟೇಟಿನಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನಿನ ಅಳತೆ. ಸಿಪಿಜಿ ಅನ್ನುವುದು ಅಪಾಯ ಎಷ್ಟು ಅಂತ ಹೇಳುವ ಕೇಂಬ್ರಿಡ್ಜ್ ಗುಂಪು, 1 ಅತಿ ಕಡಿಮೆ, 5 ಅತಿ ಜಾಸ್ತಿ. ಗ್ಲೀಸನ್, ಪಿಎಸ್‌ಎ, ಗಡ್ಡೆ ಎಲ್ಲಿವರೆಗೆ ಇದೆ, ಈ ಮೂರನ್ನೂ ಸೇರಿಸಿ ಹೇಳುತ್ತಾರೆ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಇಲ್ಲಿನ ಡಾಕ್ಟರುಗಳಿಗೆ ಸಲಹೆ ಕೊಡುವ ನೈಸ್ ಸಂಸ್ಥೆಯ ಮಾರ್ಗಸೂಚಿಯಂತೆ 1ನೇ ಗುಂಪಿನವರಿಗೆ ಮೊದಲು ಹೇಳುವುದೇ ನಿಗಾ, ಇಂಗ್ಲಿಷಿನಲ್ಲಿ 'ಆಕ್ಟಿವ್ ಸರ್ವೇಲೆನ್ಸ್'. 2ನೇ ಗುಂಪಿನವರಿಗೆ ನಿಗಾ, ಆಪರೇಷನ್, ರೇಡಿಯೊಥೆರಪಿ (ವಿಕಿರಣ ಚಿಕಿತ್ಸೆ) ಮೂರನ್ನೂ ಮುಂದಿಡುತ್ತಾರೆ. ನಿಮ್ಮ ಪತ್ರದಲ್ಲಿ ಗುಂಪು ಬರೆದಿಲ್ಲ ಅಂದರೆ ಕೇಳಿ ಬರೆಸಿಕೊಳ್ಳಿ.

ದುಡ್ಡು ಉಳಿಸೋಕೆ ನಿಗಾ ಹೇಳುತ್ತಾರೆ ಅಂದ ಮೈದುನನ ಮಾತಿಗೆ ಬರುತ್ತೇನೆ. ಈ ದೇಶದಲ್ಲೇ 'ಪ್ರೊಟೆಕ್ಟ್' ಅಂತ ದೊಡ್ಡ ಪ್ರಯೋಗ ನಡೆಯಿತು. ಕ್ಯಾನ್ಸರ್ ಪ್ರಾಸ್ಟೇಟ್ ಒಳಗೇ ಇದ್ದ 1,643 ಗಂಡಸರನ್ನು ನಿಗಾ, ಆಪರೇಷನ್, ರೇಡಿಯೊಥೆರಪಿ ಅಂತ ಚೀಟಿ ಎತ್ತಿದ ಹಾಗೆ ಹಂಚಿದರು. 15 ವರ್ಷದ ಫಲಿತಾಂಶ 2023ರಲ್ಲಿ ಬಂತು. ಮೂರು ಗುಂಪಿನಲ್ಲೂ ಈ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಸುಮಾರು 2ರಿಂದ 3 ಜನ ಮಾತ್ರ. ಇನ್ನೊಂದು ಅಂಕಿಯನ್ನೂ ಮುಚ್ಚಿಡಬಾರದು. ಬೇರೆ ಕಡೆ ಹರಡಿದ್ದು ನಿಗಾ ಗುಂಪಿನಲ್ಲಿ ನೂರಕ್ಕೆ 9.4, ಉಳಿದ ಎರಡರಲ್ಲಿ ಸುಮಾರು 5. ಆಗಿನ ನಿಗಾದಲ್ಲಿ ಈಗಿನಂತೆ ಎಂಆರ್‌ಐ ಇರಲಿಲ್ಲ. ಆಪರೇಷನ್ ಆದವರಲ್ಲಿ ಮೂತ್ರ ಸೋರುವುದು, ನಿಮಿರುವಿಕೆ ಹೋಗುವುದು ಜಾಸ್ತಿ. ನಮ್ಮ ಮನೆಗಳಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಲ್ವಾ? ಗಂಡ ಹೆಂಡತಿ ಕೂತು ಇದನ್ನು ಮಾತಾಡದೆ ಯಾವ ತೀರ್ಮಾನವನ್ನೂ ಮಾಡಬೇಡಿ. 'ಪ್ರಿಡಿಕ್ಟ್ ಪ್ರಾಸ್ಟೇಟ್' ಅಂತ ಇಂಟರ್ನೆಟ್ಟಿನಲ್ಲಿ ಉಚಿತ ಲೆಕ್ಕಾಚಾರ ಇದೆ. ನರ್ಸ್ ಜೊತೆ ಕೂತು ನಿಮ್ಮ ಅಂಕಿ ಹಾಕಿ ನೋಡಿ.

ನಿಗಾ ಅಂದರೆ ಬಿಟ್ಟುಬಿಡುವುದಲ್ಲ. ಮೊದಲ ವರ್ಷ 3–4 ತಿಂಗಳಿಗೊಮ್ಮೆ ಪಿಎಸ್‌ಎ ರಕ್ತಪರೀಕ್ಷೆ, ವರ್ಷದ ಕೊನೆಗೆ ಡಾಕ್ಟರ್ ಗುದದ್ವಾರದಲ್ಲಿ ಬೆರಳಿಟ್ಟು ನೋಡುವ ಪರೀಕ್ಷೆ, 12ರಿಂದ 18 ತಿಂಗಳ ಒಳಗೆ ಎಂಆರ್‌ಐ. ಆಮೇಲೆ 6 ತಿಂಗಳಿಗೊಮ್ಮೆ ಪಿಎಸ್‌ಎ. ಏನಾದರೂ ಬದಲಾವಣೆ ಕಂಡರೆ ಮತ್ತೆ ಸ್ಕ್ಯಾನ್, ಬಯಾಪ್ಸಿ. ಕ್ಯಾನ್ಸರ್ ಬೆಳೆಯುತ್ತಿದೆ ಅಂದರೆ ವಾಸಿ ಮಾಡುವ ಚಿಕಿತ್ಸೆ ಕೊಡುತ್ತಾರೆ. ನಿಮಗೇ ಇದರ ಚಿಂತೆ ತಡೆಯಲು ಆಗುತ್ತಿಲ್ಲ ಅಂದರೂ ಚಿಕಿತ್ಸೆ ಕೇಳಬಹುದು. 'ವಾಚ್‌ಫುಲ್ ವೇಟಿಂಗ್' ಅನ್ನುವುದು ಬೇರೆ. ಅದರಲ್ಲಿ ಪರೀಕ್ಷೆ ಕಡಿಮೆ. ವಯಸ್ಸಾಗಿ ಬೇರೆ ಕಾಯಿಲೆ ಇರುವವರಿಗೆ, ತೊಂದರೆ ಕಂಡಾಗ ಹತೋಟಿಯಲ್ಲಿಡುವುದು ಅಷ್ಟೇ. ನಿಮಗೆ ಹೇಳಿದ್ದು ಯಾವುದು ಅಂತ ಖಚಿತ ಮಾಡಿಕೊಳ್ಳಿ.

ಎರಡನೇ ವರ್ಷ ನಮಗೊಂದು ಎಡವಟ್ಟಾಯಿತು. ಆರು ತಿಂಗಳಾಯಿತು, ಯಾರೂ ರಕ್ತಕ್ಕೆ ಕರೆಯಲಿಲ್ಲ. ಜಿಪಿ (ಮನೆ ಹತ್ತಿರದ ನಮ್ಮ ಡಾಕ್ಟರ್) ತೆಗೆಯುತ್ತಾರೆ ಅಂತ ಆಸ್ಪತ್ರೆಯವರು, ಆಸ್ಪತ್ರೆಯಿಂದ ಫಾರ್ಮ್ ಬರುತ್ತದೆ ಅಂತ ಜಿಪಿ. ನಾವೂ ಕರೆಯುತ್ತಾರೆ ಬಿಡು ಅಂತ ಕಾದೆವು. ಗೊತ್ತಾಗುವಷ್ಟರಲ್ಲಿ ಒಂಬತ್ತು ತಿಂಗಳು. ಪುಣ್ಯಕ್ಕೆ ಪಿಎಸ್‌ಎ ಏರಿರಲಿಲ್ಲ. ಅವತ್ತಿನಿಂದ ಊರಿಂದ ತಂದ ಪಂಚಾಂಗದ ಕ್ಯಾಲೆಂಡರಿನಲ್ಲಿ ಸಂಕಷ್ಟಿಯ ಪಕ್ಕದಲ್ಲೇ ಕೆಂಪು ಪೆನ್ನಿನಲ್ಲಿ 'ಪಿಎಸ್‌ಎ' ಅಂತ ಬರೆಯುತ್ತೇನೆ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಅಂಕಿ ಎರಡೂ ಇವೆ. ನೀವೂ ಮೊದಲ ಭೇಟಿಯಲ್ಲೇ ಮೂರು ಕೇಳಿ: ರಕ್ತ ತೆಗೆಸುವುದು ಯಾರ ಜವಾಬ್ದಾರಿ, ಪಿಎಸ್‌ಎ ಎಷ್ಟು ದಾಟಿದರೆ ಮುಂದಿನ ಹೆಜ್ಜೆ, ಸ್ಪೆಷಲಿಸ್ಟ್ ನರ್ಸ್ ಫೋನ್ ನಂಬರ್ ಏನು. ಡಾಕ್ಟರಿಗಿಂತ ಆ ನರ್ಸ್ ಬೇಗ ಸಿಗುತ್ತಾರೆ, ಸಮಾಧಾನವಾಗಿ ಮಾತಾಡುತ್ತಾರೆ.

ರಕ್ತ ಕೊಡುವ ಮುಂಚಿನ ಎರಡು ದಿನ ಸೈಕಲ್ ಹೊಡೆಯುವುದು, ಜೋರು ವ್ಯಾಯಾಮ, ವೀರ್ಯ ಸ್ಖಲನ ಬೇಡ. ಅಂಕಿ ಸುಮ್ನೆ ಏರಬಹುದು. ಮೂತ್ರದ ಸೋಂಕು ಆಗಿದ್ದರೆ ಆರು ವಾರ ಬಿಡಬೇಕು. ಪ್ರಾಸ್ಟೇಟ್ ದೊಡ್ಡದಾಗಿದೆ ಅಂತ ಊರಿನ ಡಾಕ್ಟರ್ ಫಿನಾಸ್ಟರೈಡ್ ಕೊಟ್ಟಿದ್ದರೆ ತಪ್ಪದೆ ಹೇಳಿ. ಆ ಮಾತ್ರೆ ಪಿಎಸ್‌ಎಯನ್ನು ಅರ್ಧಕ್ಕೆ ಇಳಿಸಿ ತೋರಿಸುತ್ತದೆ.

ಇಂಗ್ಲಿಷ್ ತೊಡಕಾಗುವ ಹಿರಿಯರಿಗೆ ಕನ್ನಡ ದುಭಾಷಿ ಬೇಕು ಅಂತ ಮೊದಲೇ ಕೇಳಿ, ಅದಕ್ಕೆ ದುಡ್ಡಿಲ್ಲ. ಇಂಥ ವಿಷಯವನ್ನು ಸೊಸೆಯಿಂದ ಹೇಳಿಸಬೇಡಿ, ಇಬ್ಬರಿಗೂ ಕಷ್ಟ. ಕೆಲಸದಲ್ಲಿ ಇರುವವರು ತಿಳಿದಿರಿ: 2010ರ ಸಮಾನತೆ ಕಾಯ್ದೆಯಲ್ಲಿ ಕ್ಯಾನ್ಸರ್ ಗೊತ್ತಾದ ದಿನದಿಂದಲೇ ತಾರತಮ್ಯದಿಂದ ರಕ್ಷಣೆ ಇದೆ.

ವಿಸಿಟರ್ ವೀಸಾದಲ್ಲಿ ಬಂದ ಅಪ್ಪ, ಮಾವನವರಿಗೆ ಈ ವ್ಯವಸ್ಥೆ ಉಚಿತವಲ್ಲ. ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ಇಂಥ ಆರೈಕೆಗೆ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ದರದ ಒಂದೂವರೆ ಪಟ್ಟು ಬಿಲ್ ಬರುತ್ತದೆ. ಅವರ ನಿಗಾ ಊರಲ್ಲೇ ನಡೆಯಲಿ.

ನಾವು ಊರಿಗೆ ಹೋಗುವಾಗ ಟ್ರಾವೆಲ್ ಇನ್ಶೂರೆನ್ಸ್‌ನವರು ಕೇಳಿದರೆ ಕ್ಯಾನ್ಸರ್ ಅಂತಲೇ ಹೇಳುತ್ತೇವೆ, ಚಿಕಿತ್ಸೆ ಇಲ್ಲದಿದ್ದರೂ. ಮೂರು ತಿಂಗಳು ಇರುವುದಾದರೆ ಹೊರಡುವ ಮೊದಲೇ ರಕ್ತ ಕೊಟ್ಟು ಹೋಗುತ್ತೇವೆ. ಲ್ಯಾಬ್ ಬದಲಾದರೆ ಅಂಕಿ ಸ್ವಲ್ಪ ಆಚೀಚೆ ಆಗಬಹುದು. ಹೋದ ಸಲ ಮೈದುನನಿಗೆ ನೋಟ್‌ಬುಕ್ ತೋರಿಸಿದೆ. ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಕೊನೆಯವರೆಗೆ ಓದಿದ. "ಮುಂದಿನದು ಯಾವಾಗ ಅತ್ತಿಗೆ?" ಅಂತ ಕೇಳಿ ತನ್ನ ಫೋನಿನಲ್ಲೂ ಬರೆದುಕೊಂಡ.