ಜಾಹೀರಾತು ಬರಹದಲ್ಲಿ ಮಾಂತ್ರಿಕ ಚಿಂತನೆಯನ್ನು ಬಳಸುವ ಬಗೆ

ಮುಟ್ಟಿದವರ ಗುಣ ವಸ್ತುವಿಗೆ ಅಂಟಿಕೊಳ್ಳುತ್ತದೆ, ನೋಡಲು ಹೋಲುವ ವಸ್ತುಗಳು ಸ್ವಭಾವದಲ್ಲಿಯೂ ಹೋಲುತ್ತವೆ ಎಂಬ ಮಾತುಗಳನ್ನು ವಾದದಲ್ಲಿ ತಳ್ಳಿಹಾಕುವವರೂ ಕೊಳ್ಳುವ ಹೊತ್ತಿನಲ್ಲಿ ಅವುಗಳಿಗೆ ಮಣಿಯುತ್ತಾರೆ. ಮನಸ್ಸಿನ ಈ ನಡೆಯನ್ನು ಮಾಂತ್ರಿಕ ಚಿಂತನೆ ಎನ್ನುತ್ತಾರೆ. ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ ಅದರಲ್ಲಿ ಸಾದೃಶ್ಯ ಮತ್ತು ಸಂಪರ್ಕ ಎಂಬ ಎರಡು ನಿಯಮಗಳನ್ನು ಗುರುತಿಸಿದ್ದರು. ಜಾಹೀರಾತು ಬರೆಯುವವರಿಗೆ ಇಂದಿಗೂ ಅವೆರಡೇ ಮುಖ್ಯ ಆಧಾರ. ಆದರೆ ಇದು ಇಲ್ಲದ ಶಕ್ತಿಯನ್ನು ಸರಕಿಗೆ ಆರೋಪಿಸುವ ವಿದ್ಯೆಯಲ್ಲ. ಸರಕಿಗೆ ನಿಜವಾಗಿಯೂ ಇರುವ ನಂಟನ್ನು ಹುಡುಕಿ, ಅದು ಕಣ್ಣಿಗೆ ಕಟ್ಟುವಂತೆ ಬರೆದು, ತೀರ್ಮಾನವನ್ನು ಓದುಗರಿಗೇ ಬಿಡುವುದು ಇದರ ಸರಿಯಾದ ಬಳಕೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಸಂಪರ್ಕದಿಂದ ಪ್ರಾರಂಭಿಸಿ, ಏಕೆಂದರೆ ಬರಹಗಾರರಿಗೆ ಹೆಚ್ಚು ಫಲ ಕೊಡುವುದು ಅದೇ. 1996ರಲ್ಲಿ ನ್ಯೂಯಾರ್ಕಿನ ಸದಬೀಸ್ ಸಂಸ್ಥೆ, ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿಯವರ ಪತ್ನಿಯಾಗಿದ್ದ ಜಾಕ್ವೆಲಿನ್ ಕೆನಡಿ ಒನಾಸಿಸ್ ಅವರ ವಸ್ತುಗಳನ್ನು ಹರಾಜು ಹಾಕಿದಾಗ, ಕೆಲವೇ ನೂರು ಡಾಲರ್ ಬಾಳಬಹುದೆಂದು ಅಂದಾಜಿಸಿದ್ದ ಕೃತಕ ಮುತ್ತಿನ ಮೂರೆಳೆಯ ಹಾರವೊಂದು 2,11,500 ಡಾಲರಿಗೆ ಮಾರಾಟವಾಯಿತು. ಮುತ್ತು ಕೃತಕವೆಂಬುದು ಕೊಂಡವರಿಗೆ ಗೊತ್ತಿತ್ತು. ಅವರು ಬೆಲೆ ಕೊಟ್ಟದ್ದು ಆ ಹಾರ ಯಾರ ಕೊರಳಲ್ಲಿತ್ತು ಎಂಬುದಕ್ಕೆ. ಜಾರ್ಜ್ ನ್ಯೂಮನ್, ಗಿಲ್ ಡೀಸೆಂಡ್ರಕ್ ಮತ್ತು ಪಾಲ್ ಬ್ಲೂಮ್ 2011ರಲ್ಲಿ ಪ್ರಕಟಿಸಿದ ಅಧ್ಯಯನವು ಇದರ ಇನ್ನೊಂದು ಮುಖವನ್ನು ತೋರಿಸಿತು: ಮೆಚ್ಚಿನ ಖ್ಯಾತನಾಮರು ತೊಟ್ಟ ಬಟ್ಟೆಯನ್ನು ಸೋಂಕು ನಿವಾರಣೆ ಮಾಡಿ ಶುದ್ಧಗೊಳಿಸಲಾಗಿದೆ ಎಂದು ತಿಳಿಸಿದರೆ ಅದನ್ನು ಕೊಳ್ಳುವ ಆಸೆಯೇ ತಗ್ಗುತ್ತದೆ. ಆದ್ದರಿಂದ ಹಳೆಯ ವಸ್ತುವನ್ನು ಮಾರುವಾಗ ‘ಉಜ್ಜಿ ಹೊಸದರಂತೆ ಮಾಡಲಾಗಿದೆ’ ಎಂದು ಹೆಮ್ಮೆಯಿಂದ ಬರೆದರೆ, ಕೊಳ್ಳುವವರು ಬಯಸುತ್ತಿದ್ದುದನ್ನೇ ಬರಹದಲ್ಲಿ ಅಳಿಸಿಹಾಕಿದಂತಾಗುತ್ತದೆ.

ಪೆನ್ನು ಹಿಡಿಯುವ ಮುನ್ನ ತಯಾರಕರ ಬಳಿಗೆ ಹೋಗಿ, ಇದನ್ನು ಮೊದಲು ಮುಟ್ಟುವವರು ಯಾರು, ಕೊನೆಗೆ ಮುಟ್ಟುವವರು ಯಾರು, ಇದು ಈ ರೂಪಕ್ಕೆ ಬರುವ ಮೊದಲು ಏನಾಗಿತ್ತು, ಎಲ್ಲಿತ್ತು ಎಂದು ಕೇಳಿ ಬರೆದುಕೊಳ್ಳಿ. ಉದಾಹರಣೆಗೆ ಚರ್ಮದ ಚೀಲವೊಂದರ ಜಾಹೀರಾತು ‘ನುರಿತ ಕುಶಲಕರ್ಮಿಗಳು ಕೈಯಿಂದ ತಯಾರಿಸಿದ ಉತ್ಕೃಷ್ಟ ಗುಣಮಟ್ಟದ ಚೀಲ’ ಎಂದಿದೆ ಎಂದುಕೊಳ್ಳೋಣ. ಇಲ್ಲಿ ಕೈ ಇದೆ, ಆದರೆ ಅದು ಯಾರ ಕೈಯೂ ಅಲ್ಲ. ವಿಚಾರಿಸಿದಾಗ ತಿಳಿದುಬಂದ ಸಂಗತಿಗಳನ್ನಿಟ್ಟುಕೊಂಡು ಅದನ್ನೇ ಹೀಗೆ ಬರೆಯಬಹುದು: ‘ಈ ಚೀಲದ ಮೊದಲ ಹೊಲಿಗೆಯಿಂದ ಕೊನೆಯ ಗಂಟಿನವರೆಗೆ ಒಬ್ಬರೇ ಕೆಲಸ ಮಾಡಿದ್ದಾರೆ. ಒಳಜೇಬಿನ ಅಂಚಿನಲ್ಲಿ ಅವರು ತಮ್ಮ ಹೆಸರಿನ ಮೊದಲ ಅಕ್ಷರವನ್ನು ಅದೇ ದಾರದಲ್ಲಿ ಹೊಲಿದಿದ್ದಾರೆ.’ ಎರಡನೆಯ ಬರಹದಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ, ಕೈಗುಣ ಚೀಲಕ್ಕೆ ಇಳಿದಿದೆ ಎಂದು ಎಲ್ಲಿಯೂ ಹೇಳಿಲ್ಲ. ಆದರೂ ಓದಿದವರಿಗೆ ಹಾಗೆ ಅನ್ನಿಸುತ್ತದೆ. ಅದನ್ನು ಬಾಯಿಬಿಟ್ಟು ಹೇಳಿದ ಕ್ಷಣವೇ ಓದುಗರ ವಿಚಾರಬುದ್ಧಿ ಎಚ್ಚರಗೊಂಡು ಪುರಾವೆ ಕೇಳತೊಡಗುತ್ತದೆ. ಆ ಅಕ್ಷರ ನಿಜವಾಗಿಯೂ ಚೀಲದ ಮೇಲಿರಬೇಕು ಎಂಬುದನ್ನಂತೂ ಬೇರೆ ಹೇಳಬೇಕಾಗಿಲ್ಲ.

ಅಂಟುವುದು ಒಳ್ಳೆಯದು ಮಾತ್ರವಲ್ಲ. ಪಾಲ್ ರೋಜಿನ್ ಮತ್ತು ಸಂಗಡಿಗರ 1986ರ ಪ್ರಯೋಗವೊಂದರಲ್ಲಿ ಎರಡು ಸೀಸೆಗಳಿಗೆ ಒಂದೇ ಸಕ್ಕರೆಯನ್ನು ಹಾಕಿ, ಒಂದಕ್ಕೆ ಸಕ್ಕರೆಯೆಂದೂ ಇನ್ನೊಂದಕ್ಕೆ ಸಯನೈಡ್ ಎಂದೂ ಬರೆದ ಚೀಟಿಯನ್ನು ಭಾಗವಹಿಸಿದವರ ಕೈಯಿಂದಲೇ ಅಂಟಿಸಲಾಯಿತು; ಒಳಗಿರುವುದು ಸಕ್ಕರೆಯೇ ಎಂದು ತಿಳಿದಿದ್ದರೂ ಅವರು ಎರಡನೆಯ ಸೀಸೆಯ ಸಕ್ಕರೆ ಬೆರೆಸಿದ ನೀರನ್ನು ಕುಡಿಯಲು ಹಿಂಜರಿದರು. ‘ಇದು ವಿಷವಲ್ಲ’ ಎಂಬ ಚೀಟಿಯೂ ಅಂಥದೇ ಹಿಂಜರಿಕೆಯನ್ನು ಹುಟ್ಟಿಸುತ್ತದೆಂದು 1990ರ ಮುಂದುವರಿದ ಅಧ್ಯಯನದಲ್ಲಿ ಕಂಡುಬಂತು. ಜಾಹೀರಾತು ಬರೆಯುವವರು ಇದನ್ನು ಕಣ್ಣೆದುರಿಗೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ‘ಹಾನಿಕರ ರಾಸಾಯನಿಕಗಳಿಲ್ಲ’, ‘ಚರ್ಮ ಉರಿಯುವುದಿಲ್ಲ’ ಎಂಬ ಸಾಲುಗಳಲ್ಲಿ ‘ಇಲ್ಲ’ ಎಂಬುದು ಬೇಗ ಮರೆಯಾಗಿ ಹಾನಿ, ಉರಿ ಎಂಬ ಪದಗಳು ಸರಕಿನ ಮೈಗೆ ಅಂಟಿ ಉಳಿಯುತ್ತವೆ. ಇಲ್ಲದಿರುವುದನ್ನು ಹೇಳುವ ಬದಲು, ಒಳಗೆ ಏನೇನಿದೆ ಎಂಬುದನ್ನು ಹೆಸರಿಸಿ.

ಸಾದೃಶ್ಯದ ನಿಯಮವು ಚಿತ್ರಕ್ಕೆ ಎಷ್ಟು ಅನ್ವಯಿಸುತ್ತದೆಯೋ ಶಬ್ದಕ್ಕೂ ಅಷ್ಟೇ ಅನ್ವಯಿಸುತ್ತದೆ. ಮನೋವಿಜ್ಞಾನಿ ವೋಲ್ಫ್‌ಗಾಂಗ್ ಕೋಲರ್ ಅರ್ಥವಿಲ್ಲದ ಎರಡು ಪದಗಳನ್ನು ಕೊಟ್ಟು, ಮೊನಚಾದ ಆಕೃತಿ ಯಾವುದು, ದುಂಡಗಿನದು ಯಾವುದು ಎಂದು ಹೊಂದಿಸುವಂತೆ ಕೇಳುವ ಪರೀಕ್ಷೆಯನ್ನು ವಿವರಿಸಿದರು; ಹೆಚ್ಚಿನವರು ‘ಟಕೇಟೆ’ಯನ್ನು ಮೊನಚಿಗೂ ‘ಮಲೂಮ’ವನ್ನು ದುಂಡಿಗೂ ಹೊಂದಿಸುತ್ತಾರೆ. ಸರಕಿಗೆ ಹೆಸರಿಡುವಾಗ, ಶೀರ್ಷಿಕೆ ಬರೆಯುವಾಗ ಇದನ್ನು ಬಳಸಿ. ಚಾಕುವಿನ ಬಗ್ಗೆ ಬರೆಯುವ ವಾಕ್ಯ ಟಕ್ಕನೆ ಕಡಿದು ನಿಲ್ಲಲಿ, ಹೊದಿಕೆಯ ಬಗ್ಗೆ ಬರೆಯುವುದು ಮ, ನ, ಲಗಳ ಮೇಲೆ ನಿಧಾನವಾಗಿ ಸಾಗಲಿ. ಬರೆದ ಮೇಲೆ ಗಟ್ಟಿಯಾಗಿ ಓದಿ ನೋಡಿದರೆ ಸಾಕು, ಕಿವಿಯೇ ತಿದ್ದುತ್ತದೆ.

ಓದುಗರ ಕೈಗೂ ಸ್ವಲ್ಪ ಕೆಲಸ ಕೊಡಿ. ಎಲೆನ್ ಲ್ಯಾಂಗರ್ 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಡಾಲರಿನ ಲಾಟರಿ ಟಿಕೆಟನ್ನು ತಾವೇ ಆರಿಸಿಕೊಂಡವರು ಅದನ್ನು ಬಿಟ್ಟುಕೊಡಲು ಸರಾಸರಿ 8.67 ಡಾಲರ್ ಕೇಳಿದರೆ, ಬೇರೆಯವರು ಆರಿಸಿಕೊಟ್ಟ ಟಿಕೆಟ್ ಪಡೆದವರು 1.96 ಡಾಲರ್ ಕೇಳಿದರು. ಗೆಲ್ಲುವ ಸಾಧ್ಯತೆ ಇಬ್ಬರಿಗೂ ಒಂದೇ ಆಗಿತ್ತು. ಬಣ್ಣವನ್ನೋ ದಾರವನ್ನೋ ಕೆತ್ತಬೇಕಾದ ಅಕ್ಷರವನ್ನೋ ಆರಿಸುವಂತೆ ಕೇಳುವ ಒಂದು ಸಾಲು, ಕೊಳ್ಳುವ ಮೊದಲೇ ಆ ವಸ್ತುವನ್ನು ಓದುಗರದಾಗಿಸುತ್ತದೆ.

ಈ ತಂತ್ರಗಳನ್ನು ಬಳಸಬಾರದ ಜಾಗಗಳೂ ಇವೆ, ಅವುಗಳ ವಿಷಯದಲ್ಲಿ ರಾಜಿ ಬೇಡ. ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಾಲಿನೋಸ್ಕಿ, ಅಲ್ಲಿಯ ಜನ ಅಪಾಯವಿಲ್ಲದ ಒಳಕೊಳದಲ್ಲಿ ಮೀನು ಹಿಡಿಯುವಾಗ ಮಂತ್ರದ ಗೋಜಿಗೆ ಹೋಗದೆ, ತೆರೆದ ಕಡಲಿಗೆ ಇಳಿಯುವಾಗ ಮಾತ್ರ ವಿಧಿಗಳನ್ನು ಆಚರಿಸುತ್ತಿದ್ದುದನ್ನು ದಾಖಲಿಸಿದ್ದಾರೆ. ಭಯ, ಅನಿಶ್ಚಿತತೆ ಹೆಚ್ಚಿದಂತೆ ಮಾಂತ್ರಿಕ ಚಿಂತನೆಯ ಹಿಡಿತವೂ ಬಿಗಿಯಾಗುತ್ತದೆ. ಕಾಯಿಲೆಯವರು, ಸಾಲದಲ್ಲಿರುವವರು, ಮಗುವಿಗಾಗಿ ಹಂಬಲಿಸುವವರು ತೆರೆದ ಕಡಲಿನಲ್ಲಿರುವವರೇ. ಅವರ ಮುಂದೆ ಈ ತಂತ್ರಗಳು ಅತ್ಯಂತ ಚೆನ್ನಾಗಿ ಕೆಲಸ ಮಾಡುತ್ತವೆ ಎಂಬುದೇ ಅವನ್ನು ಅಲ್ಲಿ ಬಳಸದಿರಲು ಕಾರಣ. ಔಷಧಿ, ಚಿಕಿತ್ಸೆ, ಹಣದ ಹೂಡಿಕೆ ಇವುಗಳ ಬಗ್ಗೆ ಬರೆಯುವಾಗ ನಂಟು, ನಾದ, ಸ್ಪರ್ಶಗಳನ್ನೆಲ್ಲ ಬದಿಗಿರಿಸಿ, ಇದು ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಯಾರಿಗೆ ಹೊಂದುವುದಿಲ್ಲ, ಎಷ್ಟು ಖರ್ಚಾಗುತ್ತದೆ, ಬೇಡವೆನಿಸಿದರೆ ನಿಲ್ಲಿಸುವುದು ಹೇಗೆ ಎಂಬುದನ್ನು ಚಿಕ್ಕ ಅಕ್ಷರಗಳಲ್ಲಿ ಅಡಗಿಸದೆ, ಸಾಧಾರಣ ವಾಕ್ಯಗಳಲ್ಲಿ ಬರೆಯಿರಿ.