894.8143 ಮೊದಲೋ, 894.827 ಮೊದಲೋ?

ಪದವಿ ಕಾಲೇಜಿನ ಲೈಬ್ರರಿಯನ್ ಆಗಿ ನನಗೆ ಇಪ್ಪತ್ತೆರಡು ವರ್ಷ. ಅಡ್ಮಿಷನ್ ಮುಗಿದ ಮೇಲೆ ಪ್ರತಿ ವರ್ಷ ನನಗೊಂದು ಗಂಟೆ ಸಿಗುತ್ತದೆ, ಓರಿಯೆಂಟೇಷನ್ ಅಂತ. ಸೆಮಿನಾರ್ ಹಾಲ್‌ನಲ್ಲಿ ನೂರಿಪ್ಪತ್ತು ಮಕ್ಕಳು, ನಲವತ್ತು ಸ್ಲೈಡ್‌ಗಳ ಪಿಪಿಟಿ. ಲೈಬ್ರರಿ ಸಮಯ, ಕಾರ್ಡು, ದಂಡ, ಒಪ್ಯಾಕ್ (ಕಂಪ್ಯೂಟರಿನಲ್ಲಿ ಪುಸ್ತಕ ಹುಡುಕುವ ಸೂಚಿ), ಎನ್‌-ಲಿಸ್ಟ್ (ಇ-ಪುಸ್ತಕ, ಇ-ಜರ್ನಲ್‌ಗಳ ತಾಣ), ಶೋಧಗಂಗಾ (ಪಿಎಚ್.ಡಿ. ಪ್ರಬಂಧಗಳ ತಾಣ) ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದೆ. ಅದೇ ಮಕ್ಕಳು ಕೊನೇ ವರ್ಷದಲ್ಲೂ ಕೌಂಟರ್ ಮುಂದೆ ನಿಂತು "ಮೇಡಂ, ಕಾದಂಬರಿ ಯಾವ ಕಡೆ ಇವೆ?" ಅಂತ ಕೇಳುವಾಗ ಬೇಸರವಾಗುತ್ತಿತ್ತು. ಈಗಿನ ಮಕ್ಕಳಿಗೆ ಆಸಕ್ತಿಯಿಲ್ಲ ಅಂದುಕೊಂಡೇ ಎಷ್ಟೋ ವರ್ಷ ಕಳೆದೆ.

ಪಕ್ಕದ ತಾಲ್ಲೂಕಿನಲ್ಲಿ ನನ್ನ ಗೆಳತಿಯೊಬ್ಬರು ಲೈಬ್ರರಿಯನ್. ಒಮ್ಮೆ ಅವರ ಕಾಲೇಜಿಗೆ ಬೇರೆ ಕೆಲಸಕ್ಕೆ ಹೋಗಿದ್ದಾಗ ಅವರ ಓರಿಯೆಂಟೇಷನ್ ನಡೆಯುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂತೆ. ಹೆಚ್ಚುಕಮ್ಮಿ ನನ್ನದೇ ಪಿಪಿಟಿ, ನನ್ನದೇ ಮಾತು. ಪಕ್ಕದಲ್ಲಿದ್ದ ಹುಡುಗಿ ನೋಟ್‌ಬುಕ್ಕಿನಲ್ಲಿ ನೀಟಾಗಿ "ಒಪ್ಯಾಕ್" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಳು. "ಹಾಗಂದ್ರೆ ಏನಮ್ಮಾ?" ಅಂದೆ. "ಗೊತ್ತಿಲ್ಲ ಮೇಡಂ, ಇಂಪಾರ್ಟೆಂಟ್ ಅಂದ್ರು" ಅಂದಳು. ಆ ಮಗು ಶ್ರದ್ಧೆಯಿಂದ ಕೇಳುತ್ತಿತ್ತು. ಕಲಿಸದೆ ಇದ್ದವರು ನಾವು.

ಎಂ.ಲಿಬ್ ಓದುವಾಗ ನಮಗೆ ವರ್ಗೀಕರಣ, ಸೂಚೀಕರಣ ಎಲ್ಲ ಕಲಿಸಿದರು. ತರಗತಿ ಮುಂದೆ ನಿಂತು ಹೇಗೆ ಪಾಠ ಹೇಳಬೇಕು ಅನ್ನೋದನ್ನು ಯಾರೂ ಕಲಿಸಲಿಲ್ಲ. ಪ್ರತಿ ಆಗಸ್ಟ್ 12ಕ್ಕೆ, ಗ್ರಂಥಪಾಲಕರ ದಿನದಂದು, ನಾವು ಎಸ್.ಆರ್. ರಂಗನಾಥನ್ ಅವರ ಫೋಟೊಗೆ ಹಾರ ಹಾಕುತ್ತೇವೆ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗುವ ಮುಂಚೆ ಅವರು ಗಣಿತದ ಮೇಷ್ಟ್ರು, ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲೂ ಪಾಠ ಮಾಡಿದವರು. ನಮ್ಮ ವೃತ್ತಿಗೆ ದಾರಿ ಹಾಕಿಕೊಟ್ಟವರೇ ಪಾಠದ ಕೋಣೆಯಿಂದ ಬಂದವರು ಅನ್ನೋದು ನನಗೆ ಆಗ ದೊಡ್ಡ ಧೈರ್ಯ ಕೊಟ್ಟಿತು.

ಸುತ್ತಮುತ್ತಲ ಕಾಲೇಜುಗಳ ಏಳು ಜನ ಲೈಬ್ರರಿಯನ್‌ಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡೆವು. ತಿಂಗಳಿಗೊಮ್ಮೆ ಒಬ್ಬರ ಪಾಠಕ್ಕೆ ಇಬ್ಬರು ಹೋಗಿ ಕೂರುವುದು. ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಧ್ವನಿ, ಸಮಯಪಾಲನೆ, ಬೋರ್ಡ್ ಬಳಕೆ ಅಂತ ಹತ್ತು ಕಲಂ ಇರುವ ಫಾರಂ ಮಾಡಿ ಅಂಕ ಕೊಡೋಣ ಅಂದೆ. ಎರಡನೇ ತಿಂಗಳಿಗೇ ಒಬ್ಬರು ಫೋನ್ ಎತ್ತುವುದನ್ನು ಬಿಟ್ಟರು. ಇಪ್ಪತ್ತು ವರ್ಷ ಸರ್ವಿಸ್ ಆದವರಿಗೆ ಹತ್ತಕ್ಕೆ ಐದು ಅಂದರೆ ಮನಸ್ಸಿಗೆ ನೋವಾಗದೆ ಇರುತ್ತದೆಯೇ? ಅವರ ಮನೆಗೇ ಹೋಗಿ ಕ್ಷಮೆ ಕೇಳಿದೆ. ಆ ಫಾರಂ ಬಿಟ್ಟೆವು. ಈಗ ನೋಡಲು ಹೋದವರು ಲೈಬ್ರರಿಯನ್ನನ್ನು ನೋಡುವುದಿಲ್ಲ, ಇಬ್ಬರು ವಿದ್ಯಾರ್ಥಿಗಳನ್ನು ಆರಿಸಿಕೊಂಡು ಗಂಟೆ ಪೂರ್ತಿ ಅವರನ್ನೇ ಗಮನಿಸುತ್ತಾರೆ. ಅವರು ಎಲ್ಲಿ ತಡವರಿಸಿದರು, ಎಲ್ಲಿ ಪಕ್ಕದವರನ್ನು ಕೇಳಿದರು, ಯಾವಾಗ ಮೊಬೈಲ್ ತೆಗೆದರು, ಅಷ್ಟೇ ಬರೆದುಕೊಳ್ಳುತ್ತಾರೆ. ಆಮೇಲೆ ಟೀ ಕುಡಿಯುತ್ತಾ ಅದನ್ನು ಓದಿ ಹೇಳುತ್ತಾರೆ. ಇದೊಂದು ಬದಲಾವಣೆಯಿಂದ ಎಲ್ಲವೂ ಹಗುರವಾಯಿತು. ನನ್ನ ಮಟ್ಟಿಗೆ ನಾವು ಮಾಡಿದ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದೇ.

ಹಾಗೆ ಗಮನಿಸುವಾಗ ಸಿಕ್ಕಿದ್ದೇ ಕಾಲ್ ನಂಬರಿನ, ಅಂದರೆ ರ‍್ಯಾಕ್‌ನಲ್ಲಿ ಪುಸ್ತಕದ ಜಾಗ ಹೇಳುವ ನಂಬರಿನ, ಗಂಟು. ವಿಷಯಕ್ಕೆ ತಕ್ಕಂತೆ ಪುಸ್ತಕಗಳಿಗೆ ಅಂಕಿ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814, ಅದರಲ್ಲಿ ಕಥೆ ಕಾದಂಬರಿ 894.8143. ತೆಲುಗು ಸಾಹಿತ್ಯ 894.827. ಒಬ್ಬ ಹುಡುಗನ ಕೈಗೆ ಕನ್ನಡ ಕಾದಂಬರಿಯೊಂದರ ನಂಬರ್ ಕೊಟ್ಟರೆ ಅವನು ತೆಲುಗಿನ ರ‍್ಯಾಕ್ ದಾಟಿ ಮುಂದೆ ಮುಂದೆ ಹೋಗುತ್ತಲೇ ಇದ್ದ. ಯಾಕಪ್ಪಾ ಅಂದರೆ, "827 ಚಿಕ್ಕದು, 8143 ದೊಡ್ಡದು, ಹಾಗಾಗಿ ಇನ್ನೂ ಮುಂದೆ ಇರಬೇಕಲ್ವಾ ಮೇಡಂ?" ಅಂದ. ಚುಕ್ಕಿಯ ನಂತರದ ಅಂಕಿಗಳನ್ನು ಪೂರ್ಣ ಸಂಖ್ಯೆಯಂತೆ ಓದುತ್ತಿದ್ದ. ಏಳೂ ಜನಕ್ಕೆ ಇದು ಹೊಸ ಸುದ್ದಿ. ನಮಗೆ ಕೈಗೆ ಕೂತುಬಿಟ್ಟಿದ್ದರಿಂದ ಇದು ಕಲಿಸಬೇಕಾದ ವಿಷಯ ಅಂತಲೇ ಹೊಳೆದಿರಲಿಲ್ಲ.

ಈಗ ಇದಕ್ಕೇ ಅರ್ಧ ಗಂಟೆ. ಸ್ಲೈಡ್ ಇಲ್ಲ. ಹತ್ತು ಚೀಟಿಯಲ್ಲಿ ಹತ್ತು ನಂಬರ್ ಬರೆದು ಹತ್ತು ಮಕ್ಕಳ ಕೈಗೆ ಕೊಟ್ಟು, "ರ‍್ಯಾಕ್‌ನಲ್ಲಿ ಪುಸ್ತಕ ನಿಲ್ಲುವ ಹಾಗೆ ಸಾಲಾಗಿ ನಿಲ್ಲಿ" ಅನ್ನುತ್ತೇವೆ. ಮೊದಲ ಸಲ ತಪ್ಪೇ ನಿಲ್ಲುತ್ತಾರೆ. ಆಗ ನಿಘಂಟು ತೆಗೆಸುತ್ತೇವೆ. ಪದ ಎಷ್ಟು ಉದ್ದ ಅಂತ ನೋಡುತ್ತೇವೆಯೇ, ಅಕ್ಷರ ಅಕ್ಷರ ಹೋಲಿಸುತ್ತೇವೆಯೇ? ಅದೇ ರೀತಿ ಚುಕ್ಕಿಯಾದ ಮೇಲೆ ಒಂದೊಂದೇ ಅಂಕಿ ಹೋಲಿಸಿ. 8 ಎರಡರಲ್ಲೂ ಇದೆ, ಆಮೇಲೆ ಒಂದರಲ್ಲಿ 1, ಇನ್ನೊಂದರಲ್ಲಿ 2. ಅಷ್ಟರಲ್ಲಿ ಸಾಲಿನಲ್ಲಿದ್ದವರು ತಾವಾಗಿಯೇ ಜಾಗ ಬದಲಾಯಿಸಿಕೊಳ್ಳಲು ಶುರುಮಾಡುತ್ತಾರೆ. ಆ ಹೊತ್ತಿನಲ್ಲಿ ಲೈಬ್ರರಿಯನ್ ಬಾಯಿ ಮುಚ್ಚಿಕೊಂಡಿರಬೇಕು. ನಮಗೆ ಅತಿ ಕಷ್ಟವಾದದ್ದು ಇದೇ. ಯಾರಾದರೂ ಹುಡುಕುತ್ತಿದ್ದರೆ ತಕ್ಷಣ ಎದ್ದು ಹೋಗಿ ತೆಗೆದುಕೊಡುವುದು ನಮಗೆ ರಕ್ತಗತ. ಓದುಗರ ಸಮಯ ಉಳಿಸಬೇಕು ಅನ್ನೋದು ರಂಗನಾಥನ್ ಅವರ ಐದು ಗ್ರಂಥಾಲಯ ಸೂತ್ರಗಳಲ್ಲಿ ನಾಲ್ಕನೆಯದೂ ಹೌದು. ಆದರೆ ಪಾಠದ ಗಂಟೆಯಲ್ಲಿ ಎರಡು ನಿಮಿಷ ತಡಕಾಡಲು ಬಿಟ್ಟರೆ ಮುಂದಿನ ಮೂರು ವರ್ಷದ ಸಮಯ ಉಳಿಯುತ್ತದೆ ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಅಭ್ಯಾಸ ಮಾಡಿಕೊಂಡೆವು.

ನಮ್ಮಲ್ಲೊಬ್ಬರು ತೀರಾ ಮಿತಭಾಷಿ. ಸ್ಟೇಜ್ ಅಂದರೆ ಕೈ ನಡುಗುತ್ತದೆ, ನನ್ನಿಂದ ಆಗಲ್ಲ ಅಕ್ಕಾ ಅನ್ನುತ್ತಿದ್ದರು. ಅವರಿಗೆ ಸೆಮಿನಾರ್ ಹಾಲ್ ಬೇಡ, ರ‍್ಯಾಕ್‌ಗಳ ನಡುವೆ ಹದಿನೈದು ಮಕ್ಕಳನ್ನಷ್ಟೇ ಕರೆದುಕೊಳ್ಳಿ ಅಂದೆ. ಪ್ರಾಂಶುಪಾಲರು ಟೈಮ್‌ಟೇಬಲ್‌ನಲ್ಲಿ ಜಾಗವಿಲ್ಲ ಅಂದಾಗ ಕನ್ನಡ ಮೇಷ್ಟ್ರೊಬ್ಬರು ತಮ್ಮದೇ ನಾಲ್ಕು ಪೀರಿಯಡ್ ಬಿಟ್ಟುಕೊಟ್ಟರು.

ಆ ಮಿತಭಾಷಿ ಲೈಬ್ರರಿಯನ್ ಆರಿಸಿಕೊಂಡದ್ದು ಒಪ್ಯಾಕ್. ಮಕ್ಕಳಿಗೆ ಹೇಳಿದ್ದು ಒಂದೇ ಮಾತು: "ಕುವೆಂಪು ಅವರ ಪುಸ್ತಕ ನಮ್ಮಲ್ಲಿ ಎಷ್ಟಿವೆ, ಹುಡುಕಿ." ಕನ್ನಡದಲ್ಲಿ ಟೈಪ್ ಮಾಡಿದವರಿಗೆ ಒಂದೂ ಸಿಗಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹಾಕಿದವರಿಗೆ ಕೆಲವು ಸಿಕ್ಕವು. ಹಿಂದಿದ್ದ ಹುಡುಗಿಯೊಬ್ಬಳು "ಅವರ ಹೆಸರು ಪುಟ್ಟಪ್ಪ ಅಲ್ವಾ?" ಅಂತ ಇಂಗ್ಲಿಷ್ ಅಕ್ಷರದಲ್ಲೇ ಕೆ.ವಿ. ಪುಟ್ಟಪ್ಪ ಎಂದು ಹಾಕಿದಳು. ಪರದೆ ತುಂಬಿಕೊಂಡಿತು. ಅದುವರೆಗೆ ಮಾತೇ ಆಡದಿದ್ದ ನಮ್ಮ ಲೈಬ್ರರಿಯನ್ "ಈಗ ಹೇಳಿ, ಮೊದಲ ಸಲ ಏನೂ ಸಿಗದಿದ್ದಾಗ ಪುಸ್ತಕ ಇಲ್ಲ ಅಂತ ಎದ್ದು ಹೋಗಿದ್ದರೆ?" ಅಂದರು. ಹಿಂದೆ ಕೂತು ಬರೆದುಕೊಳ್ಳುತ್ತಿದ್ದ ನನಗೆ ಕಣ್ಣು ತುಂಬಿ ಬಂತು.

ತಪ್ಪು ಮಕ್ಕಳದ್ದಷ್ಟೇ ಅಲ್ಲ ಅಂತ ಅವರೇ ಆಮೇಲೆ ಹೇಳಿದರು. ನಮ್ಮ ಲೈಬ್ರರಿ ಸಾಫ್ಟ್‌ವೇರ್ ಕೋಹಾದಲ್ಲಿ ಯೂನಿಕೋಡ್ ಕನ್ನಡ ಸರಾಗವಾಗಿ ಕೂರುತ್ತದೆ, ಆದರೂ ನಾವು ಕನ್ನಡ ಪುಸ್ತಕಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಎಂಟ್ರಿ ಮಾಡಿಟ್ಟಿದ್ದೆವು. ಕನ್ನಡದಲ್ಲಿ ಹುಡುಕುವ ಮಗುವಿಗೆ ನಮ್ಮ ಲೈಬ್ರರಿ ಖಾಲಿ ಕಾಣುತ್ತಿತ್ತು. ಈಗ ಮೂರು ಕಾಲೇಜುಗಳಲ್ಲಿ ಸಂಜೆ ನಾಲ್ಕರ ಮೇಲೆ ಕೂತು ಶೀರ್ಷಿಕೆ, ಲೇಖಕರ ಹೆಸರುಗಳನ್ನು ಕನ್ನಡದಲ್ಲೂ ಸೇರಿಸುತ್ತಿದ್ದೇವೆ. ನನ್ನಲ್ಲಿ ಕಾವ್ಯದ ರ‍್ಯಾಕ್ ಮುಗಿದಿದೆ. ಕಾದಂಬರಿ ಶುರುವಾಗಿದೆ.